ಹ್ಯಾಂಡಲಿಗೆ ಬಿಡುವು ಕೊಟ್ಟ ಚಾರ್ಲ್ಸ್ ಕೆಟರಿಂಗ್

ಹೋದ ವರ್ಷ ಜಿಲ್ಲಾ ಶಾಲಾ ಕಲೋತ್ಸವಕ್ಕೆ ನಮ್ಮ ಯಕ್ಷಗಾನ ತಂಡವನ್ನು ಕರೆದುಕೊಂಡು ಹೊರಟ ದಿನದ ಸಂಗತಿಯಿದು. ವೇಷದ ಪೆಟ್ಟಿಗೆಗಳೂ ಚೆಂಡೆ ಮದ್ದಳೆಗಳೂ ಜೀಪಿನಲ್ಲಿ ಮುಂದಾಗಿ ಹೋಗಿದ್ದವು. ಉಳಿದ ನಾಲ್ವರು ಮಕ್ಕಳೊಡನೆ ನಾನು ಬಾಡಿಗೆ ಕಾರಿನಲ್ಲಿ ಹೊರಡಬೇಕಾಗಿತ್ತು. ಬೆಳಗಿನ ಆರು ಗಂಟೆ. ಬಣ್ಣ ಹಚ್ಚಿ ಕಿರೀಟ ಕಟ್ಟಲು ಎರಡು ಗಂಟೆಯಾದರೂ ಬೇಕೆಂದು ಭಾಗವತರು ಹಿಂದಿನ ದಿನವೇ ಎಚ್ಚರಿಸಿದ್ದರು. ಚಾಲಕನು ಕೀಲಿ ತಿರುಗಿಸಿದನು. ಬಾನೆಟ್ಟಿನ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಬಂತೇ ಹೊರತು ಇಂಜಿನ್ ತಿರುಗಲಿಲ್ಲ.

ಬ್ಯಾಟರಿ ಹೋಯಿತು ಎಂದು ಚಾಲಕನು ತೀರ್ಮಾನ ಕೊಟ್ಟನು. ಎದುರಿನ ಅಂಗಡಿಯವರು ಸೆಲ್ಫ್ ಮೋಟಾರೇ ಸುಟ್ಟಿರಬೇಕೆಂದರು. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು, ಈಗಿನ ಕಾರುಗಳಲ್ಲಿ ಎಲ್ಲವೂ ಕಂಪ್ಯೂಟರ್, ಹಾಳಾದರೆ ಕಂಪೆನಿಯವರೇ ಬರಬೇಕು ಎಂದು ನಮ್ಮ ಎದೆಗುಂದಿಸಿದರು. ಅಷ್ಟರಲ್ಲಿ ಪೇಟೆಯ ವರ್ಕ್‌ಶಾಪಿನ ಹುಡುಗನೊಬ್ಬ ಬೈಕಿನಲ್ಲಿ ಬಂದಿಳಿದ. ವಯಸ್ಸು ಇಪ್ಪತ್ತೈದೂ ಆಗಿರಲಾರದು. ಆತ ಮೊದಲು ಏನನ್ನೂ ಬಿಚ್ಚಲಿಲ್ಲ. ಹೆಡ್‌ಲೈಟ್ ಉರಿಸಿ ಕೀಲಿ ತಿರುಗಿಸಲು ಹೇಳಿದ. ದೀಪ ಹೆಚ್ಚೇನೂ ಮಂಕಾಗಲಿಲ್ಲ. ಜೇಬಿನಿಂದ ಮೀಟರು ತೆಗೆದು ಬ್ಯಾಟರಿಯ ಎರಡು ತುದಿಗಳಿಗೆ ಇಟ್ಟ, ಹನ್ನೆರಡೂವರೆ ವೋಲ್ಟು. ಬ್ಯಾಟರಿ ಸರಿಯಾಗಿಯೇ ಇದೆ. ಅನಂತರ ಮೀಟರಿನ ಒಂದು ಸರಿಗೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಇಂಜಿನ್ನಿನ ಮೈಗೂ ತಾಗಿಸಿ ಮತ್ತೆ ಕೀಲಿ ತಿರುಗಿಸಲು ಹೇಳಿದ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಬಾರದ ಜಾಗದಲ್ಲಿ ಮುಳ್ಳು ಒಂಬತ್ತನ್ನೂ ದಾಟಿತು. ಇಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ತ್ ಪಟ್ಟಿ ಮಳೆಗಾಲದ ನೀರಿಗೂ ನಮ್ಮ ಕಡಲ ತೀರದ ಉಪ್ಪುಗಾಳಿಗೂ ಒಳಗೊಳಗೇ ತುಕ್ಕು ಹಿಡಿದಿತ್ತು. ಆತ ಒಂದು ದಪ್ಪ ವಯರನ್ನು ಬ್ಯಾಟರಿಯಿಂದ ನೇರವಾಗಿ ಇಂಜಿನ್ನಿಗೆ ಕಚ್ಚಿಸಿದ. ಕಾರು ಮೊದಲ ತಿರುಗಿಗೇ ಹೊರಟಿತು. ಐದಾರು ಸಾವಿರ ರೂಪಾಯಿಯ ಬ್ಯಾಟರಿ ಉಳಿಯಿತು. ಮಕ್ಕಳು ವೇಳೆಗೆ ತಲುಪಿ ಎ ಗ್ರೇಡ್ ಪಡೆದರು.

ದಾರಿಯಲ್ಲಿ ಕೃಷ್ಣನ ವೇಷ ಮಾಡಲಿದ್ದ ಎಂಟನೆಯ ತರಗತಿಯ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಹಿಂದಿನ ಬಸ್ಸುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರೆಂದು ಅವಳ ಅಜ್ಜ ಹೇಳುತ್ತಾರಂತೆ. ಹಾಗಿದ್ದರೆ ಈ ಸೆಲ್ಫನ್ನು ಮೊದಲು ಯೋಚಿಸಿದವರು ಯಾರು? ಕನ್ನಡ ಮಾಸ್ಟ್ರಿಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಮರಳಿದ ಮೇಲೆ ಹುಡುಕಿ ಓದಿದೆ. ಓದಿದಂತೆ ಆ ಮನುಷ್ಯನ ಬಾಳೇ ನನ್ನನ್ನು ಹಿಡಿದು ನಿಲ್ಲಿಸಿತು. ಅವಳಿಗೆ ಕೊಡಬೇಕಾದ ಉತ್ತರವನ್ನು ಎಲ್ಲರಿಗೂ ಆಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ ಹುಟ್ಟಿದ್ದು ೧೮೭೬ನೆಯ ಇಸವಿ ಆಗಸ್ಟ್ ೨೯ರಂದು, ಅಮೆರಿಕದ ಒಹಾಯೊ ರಾಜ್ಯದ ಲೌಡನ್‌ವಿಲ್ ಎಂಬ ಸಣ್ಣ ಊರಿನ ಬಳಿಯ ಹೊಲಮನೆಯಲ್ಲಿ. ತಂದೆ ಜೇಕಬ್, ತಾಯಿ ಮಾರ್ತಾ. ಐವರು ಮಕ್ಕಳಲ್ಲಿ ಈತ ನಾಲ್ಕನೆಯವನು. ಒಕ್ಕಲು ಮನೆತನ, ಉಂಡುಟ್ಟು ಸುಖವಾಗಿದ್ದರೂ ಮಕ್ಕಳ ಓದಿಗೆ ಕೈತುಂಬ ಖರ್ಚು ಮಾಡುವಷ್ಟು ಅನುಕೂಲವಿರಲಿಲ್ಲ. ಹುಡುಗನು ಚುರುಕು. ಆದರೆ ಅವನ ಕಣ್ಣು ಹುಟ್ಟಿನಿಂದಲೇ ದುರ್ಬಲ. ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ತಲೆ ಸಿಡಿಯುತ್ತಿತ್ತು. ಇಲ್ಲಿ ಪೋಷಕರಿಗೆ ಒಂದು ಮಾತು ಹೇಳಿಬಿಡುತ್ತೇನೆ. ತಲೆನೋವೆಂದು ಪುಸ್ತಕ ಮುಚ್ಚಿಡುವ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರನ್ನು ಸೋಮಾರಿಗಳೆಂದು ಗದರಿಸಿದ ಪಾಪ ನನ್ನ ತಲೆಯ ಮೇಲೂ ಇದೆ.

ಶಾಲೆ ಮುಗಿಸಿದ ಕೆಟರಿಂಗ್ ತಾನೇ ಹಳ್ಳಿಯ ಶಾಲೆಯೊಂದರಲ್ಲಿ ಅಧ್ಯಾಪಕನಾದನು. ವಿದ್ಯುತ್ತು, ಶಾಖ, ಕಾಂತ, ಗುರುತ್ವಾಕರ್ಷಣ, ಇವನ್ನೆಲ್ಲ ಕೈಯಾರೆ ಮಾಡಿ ತೋರಿಸುತ್ತಿದ್ದುದರಿಂದ ಮಕ್ಕಳು ಅವನ ಪಾಠಕ್ಕೆ ಮುಗಿಬೀಳುತ್ತಿದ್ದರು. ಮುಂದೆ ಓದುವ ಆಸೆಯಿಂದ ವೂಸ್ಟರ್ ಕಾಲೇಜಿಗೂ ಅಲ್ಲಿಂದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ಹೋದನು. ಎರಡನೆಯ ವರ್ಷದಲ್ಲಿ ಕಣ್ಣು ಕೈಕೊಟ್ಟಿತು. ಓದು ನಿಲ್ಲಿಸಿ ಊರಿಗೆ ಬರಬೇಕಾಯಿತು. ಆ ತರುಣನ ಮನಸ್ಸು ಹೇಗೆ ಕುಗ್ಗಿರಬೇಕೆಂದು ಊಹಿಸಬಹುದು.

ಅವನನ್ನು ಉಳಿಸಿದ್ದು ಟೆಲಿಫೋನ್ ಕಂಬಗಳು. ಆಶ್ಲೆಂಡ್ ಎಂಬ ಪಟ್ಟಣದ ಟೆಲಿಫೋನ್ ಕಂಪೆನಿಯೊಂದು ಹಳ್ಳಿಗಳಿಗೆ ತಂತಿ ಎಳೆಯುತ್ತಿತ್ತು. ಕೆಟರಿಂಗ್ ಅಲ್ಲಿ ಕಂಬಕ್ಕೆ ಗುಂಡಿ ತೋಡುವ ಆಳಾಗಿ ಸೇರಿಕೊಂಡನು. ಬಿಸಿಲಿನಲ್ಲಿ ಮೈಮುರಿದು ದುಡಿದಾಗ ಕಣ್ಣಿಗೆ ವಿಶ್ರಾಂತಿ ದೊರೆಯಿತು, ತಲೆನೋವು ಇಳಿಯಿತು. ಬೇಗನೆ ತಂಡದ ಮೇಸ್ತ್ರಿಯೂ ಆದನು. ಈ ಕೆಲಸದಲ್ಲಿ ಅವನು ಇನ್ನೊಂದು ಪಾಠ ಕಲಿತಿರಬೇಕೆಂದು ನನಗೆ ತೋರುತ್ತದೆ. ಮೈಲುಗಟ್ಟಲೆ ಉದ್ದದ ತಂತಿಯಲ್ಲಿ ಮಾತು ಕೇಳಿಸುತ್ತಿಲ್ಲವೆಂದರೆ ತಂತಿಯನ್ನೆಲ್ಲ ಕಿತ್ತು ಹೊಸತು ಹಾಕುವವರುಂಟೆ? ನಡುವೆ ಒಂದು ಕಡೆ ಪರೀಕ್ಷಿಸಬೇಕು. ಇಲ್ಲಿಯವರೆಗೆ ಸರಿಯಿದ್ದರೆ ದೋಷ ಮುಂದಿದೆ, ಸರಿಯಿಲ್ಲದಿದ್ದರೆ ಹಿಂದಿದೆ. ಹೀಗೆ ಅರ್ಧಕ್ಕರ್ಧ ಕಳೆಯುತ್ತ ಹೋದರೆ ಕೊನೆಗೆ ಒಂದೇ ಕಂಬ ಉಳಿಯುತ್ತದೆ. ನಮ್ಮ ಕಾರಿನ ಹುಡುಗ ಮಾಡಿದ್ದೂ ಇದನ್ನೇ.

ಆಶ್ಲೆಂಡಿನಲ್ಲಿಯೇ ಆಲಿವ್ ವಿಲಿಯಮ್ಸ್ ಎಂಬ ಯುವತಿಯ ಪರಿಚಯವಾಯಿತು. ೧೯೦೫ರಲ್ಲಿ ಅವರ ಮದುವೆಯಾಯಿತು. ಅದಕ್ಕೆ ಮೊದಲೇ ಕೆಟರಿಂಗ್ ವಿಶ್ವವಿದ್ಯಾಲಯಕ್ಕೆ ಮರಳಿದ್ದನು. ಕೋಣೆಯ ಗೆಳೆಯರು ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಈತ ಕಣ್ಣುಮುಚ್ಚಿ ಕೇಳಿ ನೆನಪಿನಲ್ಲಿಡುತ್ತಿದ್ದನು. ಹೀಗೆ ೧೯೦೪ರಲ್ಲಿ, ಇಪ್ಪತ್ತೇಳು ಮುಗಿಯುತ್ತ ಬಂದ ವಯಸ್ಸಿನಲ್ಲಿ, ವಿದ್ಯುತ್ ಇಂಜಿನಿಯರಿಂಗ್ ಪದವಿ ಕೈಸೇರಿತು.

ಡೇಟನ್ ನಗರದಲ್ಲಿ ಅಂಗಡಿಗಳ ಹಣದ ಪೆಟ್ಟಿಗೆಗಳನ್ನು ತಯಾರಿಸುವ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಎಂಬ ದೊಡ್ಡ ಕಂಪೆನಿಯಿತ್ತು. ಕೆಟರಿಂಗ್ ಅಲ್ಲಿ ಕೆಲಸಕ್ಕೆ ಸೇರಿದನು. ಆ ಪೆಟ್ಟಿಗೆಗಳಿಗೂ ಬದಿಯಲ್ಲೊಂದು ಹಿಡಿಕೆಯಿತ್ತು. ಪ್ರತಿಯೊಬ್ಬ ಗಿರಾಕಿಗೂ ಅಂಗಡಿಯವನು ಅದನ್ನು ತಿರುಗಿಸಬೇಕು. ಅದರ ಬದಲಿಗೆ ವಿದ್ಯುತ್ ಮೋಟಾರು ಕೂರಿಸುವ ಕೆಲಸ ಈತನ ಪಾಲಿಗೆ ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನದೆಲ್ಲಕ್ಕೂ ಅದೇ ಬೀಗದ ಕೈ. ಹಣದ ಪೆಟ್ಟಿಗೆಯ ಮೋಟಾರು ದಿನವಿಡೀ ಓಡಬೇಕಾಗಿಲ್ಲ. ಒಂದೆರಡು ಕ್ಷಣ ಜೋರಾಗಿ ಒದ್ದು ಸುಮ್ಮನಾದರೆ ಸಾಕು. ಮೋಟಾರನ್ನು ಸುಡುವುದು ಭಾರವಲ್ಲ, ಬಿಸಿ. ಬಿಸಿಯೇರಲು ಹೊತ್ತು ಬೇಕು. ಆದುದರಿಂದ ಪುಟ್ಟ ಮೋಟಾರಿಗೆ ಕ್ಷಣಮಾತ್ರಕ್ಕೆ ಅದರ ಅಳತೆಗೆ ಮೀರಿದ ಭಾರವನ್ನು ಹೊರಿಸಬಹುದು. ೧೯೦೬ರ ಹೊತ್ತಿಗೆ ವಿದ್ಯುತ್ತಿನ ಹಣದ ಪೆಟ್ಟಿಗೆ ಸಿದ್ಧವಾಯಿತು.

ಅದೇ ಕಂಪೆನಿಯಲ್ಲಿ ಎಡ್ವರ್ಡ್ ಡೀಡ್ಸ್ ಎಂಬ ಹಿರಿಯ ಅಧಿಕಾರಿಯಿದ್ದನು. ಅವನ ಮನೆಯ ಹಿತ್ತಿಲಲ್ಲಿ ಒಂದು ಕೊಟ್ಟಿಗೆ. ಸಂಜೆಯ ವೇಳೆ, ರಜೆಯ ದಿನ, ಕೆಟರಿಂಗನೂ ಕೆಲವು ಗೆಳೆಯರೂ ಅಲ್ಲಿ ಸೇರಿ ಮೋಟಾರು ಗಾಡಿಗಳ ವಿದ್ಯುತ್ ಸಾಮಗ್ರಿಗಳ ಮೇಲೆ ಕೆಲಸ ಮಾಡತೊಡಗಿದರು. ಜನ ಇವರನ್ನು ಕೊಟ್ಟಿಗೆಯ ತಂಡವೆಂದೇ ಕರೆದರು. ಆಗಿನ ಕಾರುಗಳಲ್ಲಿ ಕಿಡಿ ಹಾರಿಸಲು ಒಣ ಬ್ಯಾಟರಿ ಬಳಸುತ್ತಿದ್ದರು. ಒಂದು ಕಿಡಿ ಸಾಕಾದಲ್ಲಿ ಕಿಡಿಗಳ ಸುರಿಮಳೆ; ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು. ಬೇಕಾದ ಗಳಿಗೆಯಲ್ಲಿ ಒಂದೇ ಒಂದು ಬಲವಾದ ಕಿಡಿ ಹಾರುವಂತೆ ಕೆಟರಿಂಗ್ ಏರ್ಪಾಡು ಮಾಡಿದನು. ಕ್ಯಾಡಿಲಾಕ್ ಕಾರು ಕಂಪೆನಿಯ ಹೆನ್ರಿ ಲೆಲೆಂಡ್ ಅದನ್ನು ನೋಡಿ ಮೆಚ್ಚಿ ಒಮ್ಮೆಗೇ ೮,೦೦೦ ಜೊತೆಗೆ ಬೇಡಿಕೆಯಿಟ್ಟನು. ಕೊಟ್ಟಿಗೆಯವರಿಗೆ ಕಾರ್ಖಾನೆಯೇ ಇರಲಿಲ್ಲ. ೧೯೦೯ರಲ್ಲಿ ಕೆಟರಿಂಗ್ ಸಂಬಳದ ಕೆಲಸ ಬಿಟ್ಟನು. ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪೆನಿ ಹುಟ್ಟಿತು. ಆ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಡೆಲ್ಕೋ ಎಂದರು. ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಂಬ ಆ ಏರ್ಪಾಡು ಹಲವು ದಶಕಗಳ ಕಾಲ ಲೋಕದ ಪೆಟ್ರೋಲ್ ಕಾರುಗಳನ್ನು ಓಡಿಸಿತು. ಅಂಬಾಸಡರ್ ಕಾರಿನ ಪಾಯಿಂಟಿಗೆ ಮೆಕ್ಯಾನಿಕರು ಉಪ್ಪುಕಾಗದ ತಿಕ್ಕುತ್ತಿದ್ದುದನ್ನು ಕಂಡ ಪೋಷಕರು ಇನ್ನೂ ಇದ್ದಾರೆ. ಅವರು ಕಂಡದ್ದು ಕೆಟರಿಂಗನ ಕೈಕೆಲಸವನ್ನು.

ಇನ್ನು ಹ್ಯಾಂಡಲಿನ ವಿಷಯ. ಪೆಟ್ರೋಲ್ ಇಂಜಿನ್ ತಾನಾಗಿ ಏಳಲಾರದು. ಮೊದಲು ಯಾರಾದರೂ ಅದನ್ನು ತಿರುಗಿಸಿ, ಪೆಟ್ರೋಲಿನ ಆವಿಯನ್ನೂ ಗಾಳಿಯನ್ನೂ ಒಳಗೆಳೆದು ಅದುಮಿ ಕೊಡಬೇಕು. ಆಮೇಲೆ ಕಿಡಿ. ಆ ಕಾಲದಲ್ಲಿ ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಮೈಯ ಬಲವನ್ನೆಲ್ಲ ಹಾಕಿ ತಿರುಗಿಸುತ್ತಿದ್ದರು. ಮಳೆಯಿರಲಿ, ಹಿಮವಿರಲಿ, ಅದೇ ಪಾಡು. ಕಿಡಿಯ ಹೊತ್ತನ್ನು ಹಿಂದಕ್ಕೆ ಸರಿಸಲು ಮರೆತರೆ ಪಿಸ್ಟನ್ ಮೇಲೇರುವ ಮೊದಲೇ ಸಿಡಿತವಾಗಿ ಹ್ಯಾಂಡಲ್ ಹಿಮ್ಮುಖವಾಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿಯುವುದು, ದವಡೆ ಒಡೆಯುವುದು ಸಾಮಾನ್ಯ. ಹೆಬ್ಬೆರಳನ್ನು ಹಿಡಿಕೆಯ ಸುತ್ತ ಬಳಸದೆ ಉಳಿದ ಬೆರಳುಗಳ ಬದಿಗೇ ಇಡಬೇಕೆಂದು ಹೊಸಬರಿಗೆ ಮೊದಲ ಪಾಠ ಹೇಳುತ್ತಿದ್ದರು. ಕಾರು ತಯಾರಕನಾದ ಬೈರನ್ ಕಾರ್ಟರ್ ಎಂಬವನು ದಾರಿಯಲ್ಲಿ ನಿಂತುಹೋದ ಗಾಡಿಯೊಂದಕ್ಕೆ ಸಹಾಯ ಮಾಡಹೋಗಿ, ಹ್ಯಾಂಡಲಿನ ಪೆಟ್ಟು ತಿಂದು, ಅದರ ಬೆನ್ನಿಗೆ ಬಂದ ಕಾಯಿಲೆಯಿಂದ ತೀರಿಹೋದನೆಂದೂ, ಗೆಳೆಯನ ಸಾವಿನಿಂದ ನೊಂದ ಲೆಲೆಂಡ್ ಹ್ಯಾಂಡಲನ್ನೇ ತೊಲಗಿಸಲು ಪಣ ತೊಟ್ಟನೆಂದೂ ಕಥೆಯಿದೆ. ಕಾರ್ಟರ್ ಸತ್ತದ್ದು ೧೯೦೮ರಲ್ಲಿ. ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ! ಲೆಲೆಂಡನು ಕೆಟರಿಂಗನ ಬಳಿಗೆ ಈ ಕೆಲಸವನ್ನು ತಂದುದು ಮಾತ್ರ ನಿಜ.

ಹ್ಯಾಂಡಲಿಗೆ ಬದಲಾಗಿ ಒತ್ತಿದ ಗಾಳಿ, ಸ್ಪ್ರಿಂಗು ಮುಂತಾದವನ್ನು ಅದಾಗಲೇ ಹಲವರು ಪ್ರಯತ್ನಿಸಿದ್ದರು. ವಿದ್ಯುತ್ ಮೋಟಾರಿನ ಮಾತೆತ್ತಿದರೆ ಬಲ್ಲವರು ಲೆಕ್ಕ ಹಾಕಿ ತಲೆಯಾಡಿಸುತ್ತಿದ್ದರು. ಇಂಜಿನ್ನನ್ನು ತಿರುಗಿಸಬಲ್ಲ ಮೋಟಾರು ಇಂಜಿನ್ನಿನಷ್ಟೇ ದೊಡ್ಡದಾಗುತ್ತದೆ, ಅದರ ಬ್ಯಾಟರಿ ಹೊರಲು ಇನ್ನೊಂದು ಗಾಡಿ ಬೇಕಾಗುತ್ತದೆ ಎಂಬುದು ಅವರ ವಾದ. ಲೆಕ್ಕವೇನೂ ತಪ್ಪಲ್ಲ, ಅದು ದಿನವಿಡೀ ತಿರುಗುವ ಮೋಟಾರಿನ ಲೆಕ್ಕ. ಹಣದ ಪೆಟ್ಟಿಗೆಯ ಕೆಲಸ ಮಾಡಿದ್ದ ಕೆಟರಿಂಗನಿಗೆ ಬೇರೆ ಲೆಕ್ಕ ಗೊತ್ತಿತ್ತು. ಇಂಜಿನ್ ಏಳಲು ಬೇಕಾದುದು ಕೆಲವೇ ಸೆಕೆಂಡುಗಳ ನೂಕು. ಪುಟ್ಟ ಮೋಟಾರಿನ ಚಿಕ್ಕ ಹಲ್ಲುಗಾಲಿಯನ್ನು ಇಂಜಿನ್ನಿನ ದೊಡ್ಡ ಗಾಲಿಯ ಹಲ್ಲುಗಳಿಗೆ ಜೋಡಿಸಿದರೆ ಬಲ ಹಲವು ಪಟ್ಟಾಗುತ್ತದೆ. ಇಂಜಿನ್ ಎದ್ದ ಮೇಲೆ ಅದು ಮೋಟಾರನ್ನೇ ಎಳೆದು ಚಿಂದಿ ಮಾಡದಂತೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚು ಬೇಕು. ಸೈಕಲ್ ಇಳಿಜಾರಿನಲ್ಲಿ ಓಡುವಾಗ ಪೆಡಲು ನಿಂತಿದ್ದರೂ ಚಕ್ರ ತಿರುಗುವುದಿಲ್ಲವೆ, ಅದೇ ಉಪಾಯ.

ಕೆಟರಿಂಗನ ಜಾಣತನ ಇಲ್ಲಿಗೂ ಮುಗಿಯಲಿಲ್ಲ. ಬ್ಯಾಟರಿ ಬರಿದಾದರೆ ತುಂಬಿಸುವವರು ಯಾರು? ಇಂಜಿನ್ ಓಡತೊಡಗಿದ ಮೇಲೆ ಅದೇ ಮೋಟಾರು ಡೈನಮೋ ಆಗಿ ತಿರುಗಿ ಬ್ಯಾಟರಿಯನ್ನು ತುಂಬಿಸುವಂತೆ ಮಾಡಿದನು. ಬ್ಯಾಟರಿಯ ಭಾಗಗಳನ್ನು ಸಾಲಾಗಿ ಜೋಡಿಸಿದರೆ ೨೪ ವೋಲ್ಟು, ಇಂಜಿನ್ ಎಬ್ಬಿಸಲು. ಸಮಾಂತರವಾಗಿ ಜೋಡಿಸಿದರೆ ೬ ವೋಲ್ಟು, ತುಂಬಿಸಲು ಮತ್ತು ದೀಪ ಉರಿಸಲು. ಹತ್ತನೆಯ ತರಗತಿಯವರು ಭೌತಶಾಸ್ತ್ರದಲ್ಲಿ ಓದುವ ಶ್ರೇಣಿ, ಸಮಾಂತರ ಜೋಡಣೆಗಳು ಇವೇ. ಎಬ್ಬಿಸುವುದು, ಬೆಳಗುವುದು, ಕಿಡಿ ಕೊಡುವುದು, ಮೂರೂ ಒಂದೇ ಏರ್ಪಾಡಿನೊಳಗೆ ಬಂದವು. ೧೯೧೧ರ ಫೆಬ್ರವರಿಯಲ್ಲಿ ಕ್ಯಾಡಿಲಾಕ್ ಕಾರೊಂದರಲ್ಲಿ ಅದನ್ನು ಕೂರಿಸಿ ತೋರಿಸಲಾಯಿತು. ೧೯೧೨ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಹ್ಯಾಂಡಲ್ ತಿರುಗಿಸದೆಯೇ ಹೊರಡುವಂಥವಾಗಿ ಪೇಟೆಗೆ ಬಂದವು. ಪೇಟೆಂಟು ಕೈಗೆ ಸಿಕ್ಕಿದ್ದು ೧೯೧೫ರಲ್ಲಿ. ಅಗ್ಗದ ಫೋರ್ಡ್ ಟಿ ಮಾದರಿಗೂ ೧೯೧೯ರಲ್ಲಿ ಸೆಲ್ಫ್ ಬಂತು.

ಇದರಿಂದ ಆದ ಪರಿಣಾಮ ಸಣ್ಣದಲ್ಲ. ಹ್ಯಾಂಡಲ್ ತಿರುಗಿಸುವ ತೋಳ್ಬಲವಿಲ್ಲದವರು, ವೃದ್ಧರು, ಹೆಂಗಸರು, ಯಾರೇ ಆಗಲಿ, ಒಬ್ಬರೇ ಕಾರು ಹೊರಡಿಸಬಲ್ಲವರಾದರು. ಇನ್ನೊಂದು ವಿಚಿತ್ರವೂ ನಡೆಯಿತು. ಆ ದಿನಗಳಲ್ಲಿ ಬ್ಯಾಟರಿಯಿಂದ ಓಡುವ ವಿದ್ಯುತ್ ಕಾರುಗಳೂ ಬಹಳವಿದ್ದವು. ಹ್ಯಾಂಡಲಿನ ಕಾಟವಿಲ್ಲವೆಂಬುದೇ ಅವುಗಳ ಹಿರಿಮೆಯಾಗಿತ್ತು. ಪುಟ್ಟದೊಂದು ವಿದ್ಯುತ್ ಮೋಟಾರು ಪೆಟ್ರೋಲ್ ಕಾರಿನೊಳಗೆ ಸೇರಿಕೊಂಡು ವಿದ್ಯುತ್ ಕಾರುಗಳ ಆ ಹಿರಿಮೆಯನ್ನೇ ಕಿತ್ತುಕೊಂಡಿತು. ಅವು ಮೂಲೆಗೆ ಸರಿದವು. ಈಗ ಅವೇ ನಮ್ಮೂರ ಬೀದಿಗಳಿಗೆ ಮರಳಿ ಬರುತ್ತಿವೆ. ಅವುಗಳಿಗೆ ಸೆಲ್ಫೇ ಬೇಕಾಗಿಲ್ಲ.

ಕೆಟರಿಂಗ್ ಹಳ್ಳಿಯನ್ನು ಮರೆತವನಲ್ಲ. ಕರೆಂಟಿಲ್ಲದ ಹೊಲಮನೆಗಳಿಗೆಂದು ಪುಟ್ಟ ಇಂಜಿನ್, ಡೈನಮೋ, ಬ್ಯಾಟರಿಗಳ ಜೋಡಿಯನ್ನು ರೂಪಿಸಿ ೧೯೧೬ರಲ್ಲಿ ಮಾರಾಟಕ್ಕೆ ತಂದನು. ೩೨ ವೋಲ್ಟಿನ ಡೆಲ್ಕೋ ಲೈಟ್ ಅದರ ಹೆಸರು. ಅದೇ ವರ್ಷ ಡೆಲ್ಕೋ ಕಂಪೆನಿ ದೊಡ್ಡ ಮೊತ್ತಕ್ಕೆ ಮಾರಾಟವಾಗಿ ಕೆಲವು ಕಾಲದಲ್ಲಿಯೇ ಜನರಲ್ ಮೋಟಾರ್ಸ್ ಕಂಪೆನಿಯೊಳಗೆ ಸೇರಿಹೋಯಿತು. ೧೯೨೦ರಿಂದ ೧೯೪೭ರವರೆಗೆ, ೨೭ ವರ್ಷ, ಆ ಕಂಪೆನಿಯ ಸಂಶೋಧನೆಗೆ ಕೆಟರಿಂಗನೇ ಮುಖ್ಯಸ್ಥ.

ಈಗ ಹೇಳಬೇಕಾದುದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. ಆದರೆ ದೊಡ್ಡವರ ಜೀವನವೆಂದು ಒಳ್ಳೆಯದನ್ನಷ್ಟೇ ಬರೆದರೆ ಅದು ಮಕ್ಕಳಿಗೆ ಮಾಡುವ ಮೋಸ.

ಇಂಜಿನ್ನುಗಳು ಏರುದಾರಿಯಲ್ಲಿ ಕಟಕಟನೆ ಬಡಿದುಕೊಳ್ಳುತ್ತಿದ್ದವು. ಕೆಟರಿಂಗನ ಬ್ಯಾಟರಿ ಕಿಡಿಯೇ ಇದಕ್ಕೆ ಕಾರಣವೆಂದು ಕೆಲವರು ದೂರಿದರು. ಆತ ಸಿಟ್ಟಾಗಲಿಲ್ಲ, ಪರೀಕ್ಷೆಗೆ ಹೊರಟನು. ಥಾಮಸ್ ಮಿಡ್ಜ್‌ಲಿ ಎಂಬ ತರುಣ ಇಂಜಿನಿಯರನು ಜೊತೆಗೂಡಿದನು. ದೋಷ ಕಿಡಿಯಲ್ಲಿಲ್ಲ, ಇಂಧನದಲ್ಲಿದೆ ಎಂದು ಖಚಿತವಾಯಿತು. ಹಿಮದ ನಡುವೆಯೇ ಬೇಗ ಹೂಬಿಡುವ ಒಂದು ಗಿಡದ ಎಲೆಯ ಬೆನ್ನು ಕೆಂಪಗಿರುವುದನ್ನು ನೆನೆದು, ಸೀಮೆಎಣ್ಣೆಯನ್ನೂ ಕೆಂಪಾಗಿಸಿದರೆ ಅದು ಶಾಖ ಹೀರಿ ಬೇಗ ಆವಿಯಾದೀತೇ ಎಂದು ಇವರು ಊಹಿಸಿದರು. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಕೈಗೆ ಸಿಗದೆ ಅಯೊಡಿನ್ ಬೆರೆಸಿದರು. ಬಡಿತ ಇಳಿಯಿತು! ಆಮೇಲೆ ಬೇರೆ ಕೆಂಪು ಬಣ್ಣಗಳನ್ನು ಬೆರೆಸಿ ನೋಡಿದರೆ ಏನೂ ಆಗಲಿಲ್ಲ. ಬಣ್ಣವಿಲ್ಲದ ಅಯೊಡಿನ್ ಸಂಯುಕ್ತವೂ ಕೆಲಸ ಮಾಡಿತು. ಊಹೆ ಪೂರ್ತಿ ತಪ್ಪು, ಫಲ ಮಾತ್ರ ನಿಜ. ತಪ್ಪೆಂದು ಗೊತ್ತಾದದ್ದೂ ಅವರೇ ಮುಂದುವರಿದು ಪರೀಕ್ಷಿಸಿದ್ದರಿಂದ. ತರಗತಿಯಲ್ಲಿ ಪ್ರಯೋಗ ಒಮ್ಮೆ ಸರಿಬಂದೊಡನೆ ಪುಸ್ತಕ ಮುಚ್ಚುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ನೂರಾರು ಪದಾರ್ಥಗಳನ್ನು ಹೀಗೆ ಪರೀಕ್ಷಿಸಿ ೧೯೨೧ರ ಡಿಸೆಂಬರಿನಲ್ಲಿ ಅವರು ಮುಟ್ಟಿದ್ದು ಸೀಸದ ಒಂದು ಸಂಯುಕ್ತವನ್ನು. ಪೆಟ್ರೋಲಿಗೆ ಅತ್ಯಲ್ಪ ಬೆರೆಸಿದರೂ ಬಡಿತ ಮಾಯವಾಗುತ್ತಿತ್ತು. ಸೀಸ ವಿಷವೆಂಬುದು ಆಗಲೂ ಎಲ್ಲರಿಗೂ ತಿಳಿದಿತ್ತು. ಮದ್ಯಸಾರ ಬೆರೆಸಿದರೂ ಬಡಿತ ಇಳಿಯುತ್ತದೆಂದು ಇವರಿಬ್ಬರಿಗೂ ಗೊತ್ತಿತ್ತು. ಆದರೂ ೧೯೨೩ರ ಫೆಬ್ರವರಿಯಲ್ಲಿ ಡೇಟನ್ನಿನಲ್ಲಿ ಸೀಸದ ಪೆಟ್ರೋಲು ಮಾರಾಟಕ್ಕೆ ಬಂತು. ಮರುವರ್ಷ ಅದಕ್ಕಾಗಿಯೇ ಕಂಪೆನಿಯೊಂದು ಹುಟ್ಟಿತು, ಕೆಟರಿಂಗನೇ ಅಧ್ಯಕ್ಷನಾದನು. ೧೯೨೪ರ ಅಕ್ಟೋಬರಿನಲ್ಲಿ ನ್ಯೂ ಜೆರ್ಸಿಯ ಬೇವೇ ಎಂಬಲ್ಲಿನ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ ಐವರು ಕೆಲಸಗಾರರು ಬುದ್ಧಿ ಭ್ರಮಿಸಿ ಸತ್ತರು. ೧೯೨೫ರಲ್ಲಿ ಮಾರಾಟ ನಿಂತಿತು. ವಿಚಾರಣೆ ನಡೆದು ೧೯೨೬ರಲ್ಲಿ ಮತ್ತೆ ಆರಂಭವಾಯಿತು. ಆ ಮೇಲೆ ಹಲವು ದಶಕಗಳ ಕಾಲ ಲೋಕದ ಹಾದಿಬೀದಿಗಳ ಗಾಳಿಯಲ್ಲಿ ಸೀಸ ಸೇರಿತು. ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಯ ಮೇಲೆ. ಭಾರತದಲ್ಲಿ ೨೦೦೦ನೆಯ ಇಸವಿಯಲ್ಲಿ ಅದು ನಿಂತಿತು. ರಸ್ತೆಯ ವಾಹನಗಳಿಗೆ ಅದನ್ನು ಕೊನೆಯದಾಗಿ ಮಾರುತ್ತಿದ್ದ ಅಲ್ಜೀರಿಯದಲ್ಲಿ ನಿಂತದ್ದು ೨೦೨೧ರಲ್ಲಿ. ಈಗ ನಮ್ಮ ಪೆಟ್ರೋಲ್ ಪಂಪುಗಳಲ್ಲಿ ದೊರೆಯುವುದು ಎಥನಾಲ್ ಬೆರೆಸಿದ ಪೆಟ್ರೋಲು. ಎಥನಾಲ್ ಎಂದರೆ ಅದೇ ಮದ್ಯಸಾರ.

ದೋಷವನ್ನು ಹುಡುಕುವಾಗ ಯಾರ ಮಾತನ್ನೂ ಕುರುಡಾಗಿ ನಂಬದೆ ತಾನೇ ಅಳೆದು ನೋಡುತ್ತಿದ್ದ ಮನುಷ್ಯ ಇಂಜಿನ್ನಿನ ಬಡಿತವನ್ನು ಅಳೆದನು. ಹೊಗೆಕೊಳವೆಯಿಂದ ಹೊರಬಿದ್ದ ಸೀಸ ಎಲ್ಲಿಗೆ ಹೋಗುತ್ತದೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಅಳೆಯಲಿಲ್ಲ. ಗೊತ್ತಿಲ್ಲದೆ ಮಾಡಿದನೆಂದು ಕ್ಷಮಿಸೋಣವೆಂದರೆ ಆ ಐವರ ಸಾವು ಅಡ್ಡ ಬರುತ್ತದೆ. ಅವನನ್ನು ಮೆಚ್ಚುತ್ತ ಓದಿದ ನನಗೆ ಈ ಭಾಗ ಇಂದಿಗೂ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತಿದೆ.

ಅವನಿಗೆ ಸೋಲೂ ಬಂತು. ನೀರಿನ ಬದಲು ಗಾಳಿಯಿಂದಲೇ ತಣಿಯುವ, ತಾಮ್ರದ ರೆಕ್ಕೆಗಳಿದ್ದ ಇಂಜಿನ್ನಿನ ಷೆವ್ರೊಲೆಟ್ ಕಾರನ್ನು ೧೯೨೩ರಲ್ಲಿ ಹೊರತಂದರು. ತಯಾರಾದುದು ೭೫೯ ಕಾರುಗಳು. ದೂರುಗಳು ಬಂದುದರಿಂದ ಗಿರಾಕಿಗಳ ಕೈಸೇರಿದ್ದವನ್ನೂ ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡರು. ಕೆಟರಿಂಗ್ ಮನನೊಂದು ರಾಜೀನಾಮೆಗೆ ಮುಂದಾದನು. ಕಂಪೆನಿಯ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಬಿಡಲಿಲ್ಲ.

ಮುಂದೆ ಡೀಸೆಲ್ ಇಂಜಿನ್ನುಗಳನ್ನು ರೈಲಿಗೆ ಒಗ್ಗುವಷ್ಟು ಹಗುರ ಮಾಡುವ ಕೆಲಸದಲ್ಲಿ ಅವನ ಮಗ ಯೂಜೀನನೂ ಕೈಜೋಡಿಸಿದನು. ಅಂಥ ಇಂಜಿನ್ ಹೊತ್ತ ಜೆಫಿರ್ ಎಂಬ ರೈಲು ೧೯೩೪ರ ಮೇ ೨೬ರಂದು ಡೆನ್ವರಿನಿಂದ ಷಿಕಾಗೋವರೆಗೆ ಸಾವಿರಕ್ಕೂ ಹೆಚ್ಚು ಮೈಲುಗಳನ್ನು ೧೩ ಗಂಟೆ ೫ ನಿಮಿಷಗಳಲ್ಲಿ ಎಲ್ಲಿಯೂ ನಿಲ್ಲದೆ ಓಡಿತು. ಎಲೆಗಳು ಬಿಸಿಲಿನಿಂದ ಆಹಾರ ತಯಾರಿಸುವ ಬಗೆ ಹೇಗೆಂಬ ಸಂಶೋಧನೆಗೂ ಆತ ತನ್ನ ಹಣ ಸುರಿದನು. ೧೯೪೫ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ಸ್ಥಾಪನೆಯಾದ ಸಂಸ್ಥೆ ಸ್ಲೋನ್ ಮತ್ತು ಕೆಟರಿಂಗ್ ಇಬ್ಬರ ಹೆಸರನ್ನೂ ಹೊತ್ತಿತು. ಅವನ ಹೆಸರಿಗೆ ೧೮೦ಕ್ಕೂ ಮಿಕ್ಕಿ ಪೇಟೆಂಟುಗಳು. ಆಲಿವ್ ೧೯೪೬ರಲ್ಲಿ ತೀರಿಕೊಂಡರು. ೧೯೫೮ರ ನವೆಂಬರ್ ೨೫ರಂದು, ೮೨ನೆಯ ವಯಸ್ಸಿನಲ್ಲಿ, ಕೆಟರಿಂಗ್ ಕಣ್ಣು ಮುಚ್ಚಿದನು. ಡೇಟನ್ನಿನ ಪಕ್ಕದ ಒಂದು ಪಟ್ಟಣಕ್ಕೆ ಅದಾಗಲೇ ಅವನ ಹೆಸರು ಬಂದಿತ್ತು.

ಬಸ್ ನಿಲ್ದಾಣದ ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಈಗಿನ ಕಾರಿನಲ್ಲಿ ಕೀಲಿಗೂ ಮೋಟಾರಿಗೂ ನಡುವೆ ಹಲವು ಕಾವಲುಗಾರರು ನಿಂತಿದ್ದಾರೆ. ಕೀಲಿಯೊಳಗಿನ ಚಿಪ್ಪನ್ನು ಗುರುತಿಸದಿದ್ದರೆ ಕಂಪ್ಯೂಟರು ಅಪ್ಪಣೆ ಕೊಡದು. ಎಷ್ಟೋ ಕಾರುಗಳಲ್ಲಿ ಕ್ಲಚ್ ಇಲ್ಲವೆ ಬ್ರೇಕ್ ತುಳಿಯದೆ ಸೆಲ್ಫ್ ಎತ್ತದು. ನಡುವೆ ಫ್ಯೂಸು, ರಿಲೇಗಳಿವೆ. ಆದರೆ ಅವುಗಳಾಚೆಗೆ ನಿಂತಿರುವುದು ೧೯೧೧ರ ಆ ಪುಟ್ಟ ಮೋಟಾರೇ. ಹೆಡ್‌ಲೈಟಿನ ಬಲ್ಬೊಂದು ಎಳೆಯುವುದು ನಾಲ್ಕೈದು ಆಂಪಿಯರ್. ಆ ಮೋಟಾರು ಎಳೆಯುವುದು ನೂರಕ್ಕೂ ಹೆಚ್ಚು. ತುಕ್ಕು ಹಿಡಿದ ಜೋಡಣೆಯಲ್ಲಿ ಓಮಿನ ಹತ್ತನೆಯ ಒಂದು ಪಾಲು ತಡೆ ಇದ್ದರೂ ದೀಪಕ್ಕೆ ಅದು ತಿಳಿಯುವುದೇ ಇಲ್ಲ, ಮೋಟಾರಿಗೆ ಅದೇ ಗೋಡೆ. ಲೆಕ್ಕವನ್ನು ಓಮನ ನಿಯಮದಿಂದ ಮಾಡಿ ನೋಡಿರಿ: ತೊಂಬತ್ತು ಆಂಪಿಯರ್ ಹರಿದರೆ ಅಲ್ಲಿಯೇ ಒಂಬತ್ತು ವೋಲ್ಟು ಕಳೆದುಹೋಗುತ್ತದೆ.

ಆ ಹುಡುಗ ಬಿಚ್ಚಿ ಎಸೆಯಹೊರಟ ಹಳೆಯ ಅರ್ತ್ ಪಟ್ಟಿಯನ್ನು ನಾನು ಕೇಳಿ ತೆಗೆದುಕೊಂಡೆ. ಅದೀಗ ಅಧ್ಯಾಪಕರ ಕೋಣೆಯ ಮೇಜಿನ ಮೇಲಿದೆ. ಭೌತಶಾಸ್ತ್ರದ ಅಧ್ಯಾಪಕರು ಮೀಟರಿನೊಂದಿಗೆ ಅದನ್ನು ತರಗತಿಗೆ ಒಯ್ಯುತ್ತಾರೆ. ಒಂದು ತುದಿಯ ಲಾಳದೊಳಗೆ ಹಸುರು ಕಿಲುಬು ಇರುವುದನ್ನು ಮಕ್ಕಳು ಉಗುರಿನಿಂದ ಕೆರೆದು ನೋಡುತ್ತಾರೆ.